ಹತ್ತು ಗಂಟೆಯ ಅಪ್ಪಣೆ

ಇವತ್ತು ಬೆಳಿಗ್ಗೆ ಎದ್ದು ಹಾಲು ಕಾಸಿದೆ. ಟ್ಯಾಂಕರ್ ನೀರು ಬರುವ ಮೊದಲೇ ಡ್ರಮ್ಮು ತೊಳೆದು ಬಾಲ್ಕನಿಗೆ ಸರಿಸಿದೆ. ಅತ್ತೆಯವರ ಮೊಣಕಾಲಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದೆ. ದಿಂಬಿನ ಕವರುಗಳನ್ನು ಒಗೆದು ಒಣಹಾಕಿದೆ. ಹುಳು ಬಿದ್ದಿದ್ದ ತೊಗರಿಬೇಳೆಯನ್ನು ಮೊರದಲ್ಲಿ ಕೇರಿ ಬಿಸಿಲಿಗೆ ಹರವಿದೆ. ಮಿಕ್ಸರಿನ ಜಾರಿಗೆ ಹೊಸ ರಬ್ಬರು ತೊಡಿಸಿದೆ. ಮಧ್ಯಾಹ್ನ ಊಟವಾದ ಮೇಲೆ, ತೀರಿಹೋದ ನನ್ನ ಯಜಮಾನರು ಮನೆಯ ಇಂಟರ್ನೆಟ್ಟಿಗೆ ಹಾಕಿಟ್ಟಿದ್ದ ಬೀಗವೊಂದನ್ನು ತೆಗೆಯಲು ಮಗಳ ಜೊತೆ ಕುಳಿತೆ.

ಭಾನುವಾರದ ಕೆಲಸಗಳ ಸಾಲಿನಲ್ಲಿ ಈ ಕಡೆಯದೊಂದು ನಿಮಗೆ ವಿಚಿತ್ರವಾಗಿ ಕಂಡರೆ ತಪ್ಪಿಲ್ಲ. ನನಗೂ ಹಾಗೇ ಕಂಡಿತು. ಕುಳಿತು ಕೇಳುವಷ್ಟು ಪುರಸೊತ್ತು ನಿಮಗಿದ್ದರೆ ಹೇಳುತ್ತೇನೆ.

ನಮ್ಮವರು ಹೈದರಾಬಾದಿನ ಗಚ್ಚಿಬೌಲಿಯ ಒಂದು ಕಂಪನಿಯ ಕಟ್ಟಡದಲ್ಲಿ ಕರೆಂಟಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಆ ಗಾಜಿನ ಕಟ್ಟಡಗಳು ಕಣ್ಣು ಮುಚ್ಚುವ ಜಾತಿಯವಲ್ಲ. ಅಮೆರಿಕದಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ದೀಪ ಆರಬಾರದು, ಯಂತ್ರಗಳ ಕೋಣೆ ಬಿಸಿಯಾಗಬಾರದು, ಲೈನು ಹೋದರೆ ಜನರೇಟರು ತಟ್ಟನೆ ಎದ್ದು ನಿಲ್ಲಬೇಕು. ವರ್ಷಗಟ್ಟಲೆ ರಾತ್ರಿಪಾಳಿ ಮಾಡಿ ಬೇರೆಯವರ ಹಗಲನ್ನು ಕಾಯ್ದ ಮನುಷ್ಯನಿಗೆ, ಮಣಿಕೊಂಡದ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಾದರೂ ಕತ್ತಲಾದ ಮೇಲೆ ಕತ್ತಲಿರಲಿ ಎಂಬ ಹಂಬಲ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಮನೆಗೆ ರೌಟರು ಬಂದಾಗ ಒಂದಿಡೀ ಭಾನುವಾರ ಅದರ ಮುಂದೆ ಕೂತು, ರಾತ್ರಿ ಹತ್ತಾದೊಡನೆ ತಾನೇ ನೆಟ್ ನಿಲ್ಲಿಸುವಂತೆ ಅದಕ್ಕೆ ಪಾಠ ಹೇಳಿಕೊಟ್ಟರು. ‘ಮನಿಯಾಗರ ರಾತ್ರಿ ಅನ್ನೋದು ಇರ್ಲಿ’ ಎಂದಷ್ಟೇ ಅಂದರು. ಅವರ ಮಾತೇ ಅಷ್ಟು, ಅಳೆದು ಸುರಿದಂತೆ.

ಕಳೆದ ಚಳಿಗಾಲದಲ್ಲಿ ಒಂದು ದಿನ ಪಾಳಿ ಮುಗಿಸಿ ಬಂದು, ಎದೆಯಲ್ಲಿ ಏನೋ ಹಿಡಿದಂತಾಗುತ್ತಿದೆ ಎಂದು ಸೋಫಾದ ಮೇಲೆ ಕುಳಿತವರು ಏಳಲಿಲ್ಲ. ಮನುಷ್ಯ ಹೋದ ಮೇಲೂ ಅವನು ಮಾಡಿಟ್ಟ ಏರ್ಪಾಡುಗಳು ಎಷ್ಟು ದಿನ ಮನೆಯಲ್ಲಿ ಉಸಿರಾಡುತ್ತವೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಫ್ಯಾನಿನ ರೆಗ್ಯುಲೇಟರು ಅವರಿಗೆ ಹಿತವಾಗಿದ್ದ ಅಂಕಿಯಲ್ಲೇ ನಿಂತಿತ್ತು. ಕನ್ನಡಿ ಅವರ ಎತ್ತರಕ್ಕೇ ನೇತಾಡುತ್ತಿತ್ತು. ಇಂದಿಗೂ ನಾನು ಅದರಲ್ಲಿ ಹಣೆಯನ್ನಷ್ಟೇ ಕಾಣುತ್ತೇನೆ. ಆದರೆ ಇವೆಲ್ಲ ಸುಮ್ಮನಿರುವ ವಸ್ತುಗಳು. ಆ ಬಿಳಿಯ ಪೆಟ್ಟಿಗೆ ಮಾತ್ರ ಸುಮ್ಮನಿರಲಿಲ್ಲ. ಅವರ ದಿನಕರ್ಮಗಳ ನಡುವೆಯೂ ರಾತ್ರಿ ಹತ್ತಕ್ಕೆ ಸರಿಯಾಗಿ ಅತ್ತೆಯವರ ಫೋನಿನ ಭಜನೆ ಅರ್ಧ ಸಾಲಿಗೆ ನಿಂತಾಗ, ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಬಂದ ನೋಡು ನನ್ನ ಮಗ’ ಎಂದರು ಅತ್ತೆ. ಅಂದಿನಿಂದ ನೆಟ್ ಹೋದಾಗಲೆಲ್ಲ ಅವರು ಹಾಗೆ ಅನ್ನುವುದು, ನಾನು ದೀಪ ಆರಿಸುವುದು ರೂಢಿಯಾಯಿತು. ಸತ್ತವರ ಅಪ್ಪಣೆಯನ್ನು ಪಾಲಿಸುವುದರಲ್ಲಿ ಒಂದು ಬಗೆಯ ಸಂಸಾರ ಮುಂದುವರಿಯುತ್ತದೆ.

ತೊಡಕು ಬಂದದ್ದು ನನ್ನ ಮಗಳು ಗೌರಿಯ ನೌಕರಿಯಿಂದ. ಅವಳೂ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಈಚೆಗೆ ಅವಳನ್ನು ರಾತ್ರಿ ಹೊತ್ತು ಅಮೆರಿಕದವರೊಡನೆ ಮಾತಾಡುವ ಗುಂಪಿಗೆ ಹಾಕಿದರು. ಮನೆಯಿಂದಲೇ ಮಾಡಬಹುದಾದ ಕೆಲಸ, ಆದರೆ ಕೆಲಸ ಶುರುವಾಗುವುದೇ ನಮ್ಮ ಪೆಟ್ಟಿಗೆ ನಿದ್ದೆಹೋಗುವ ಹೊತ್ತಿಗೆ. ಈ ಗೋಡೆಗಳೊಳಗೆ ಮೊಬೈಲಿನ ಸಿಗ್ನಲ್ಲು ನಿಲ್ಲುವುದಿಲ್ಲ. ಪಕ್ಕದ ಫ್ಲಾಟಿನ ರಮಣಮ್ಮನವರ ವೈಫೈ ಬೇಡಿಕೊಂಡು ಒಂದೆರಡು ವಾರ ಹೇಗೋ ನಡೆಸಿದಳು. ಗೋಡೆ ದಾಟಿ ಬರುವ ನೆಟ್ಟು ಮಾತಿನ ಮಧ್ಯೆ ಕಡಿದು ಕಡಿದು ಬೀಳುತ್ತಿತ್ತು, ಕಂಪನಿಯ ಮೇಲಿನವರು ಗದರಿದರು.

‘ಸೋಮವಾರದಿಂದ ನಂಗ ಪಕ್ಕಾ ನೆಟ್ ಬೇಕವ್ವ. ಇಲ್ಲಾಂದ್ರ ಗಚ್ಚಿಬೌಲಿ ಹಾಸ್ಟೆಲಿಗೆ ಹೋಗೂದ. ಗೆಳತಿ ದೀಪ್ತಿ ರೂಮಿನಾಗ ಒಂದು ಬೆಡ್ ಖಾಲಿ ಐತಿ’ ಎಂದಳು ನಿನ್ನೆ. ಅಟ್ಟದ ಮೇಲಿನ ಸೂಟ್‌ಕೇಸು ಆಗಲೇ ಕೆಳಗಿಳಿದು ಧೂಳು ಒರೆಸಿಕೊಂಡು ನಿಂತಿತ್ತು.

ಹೋದವರ ಮಾತು ಉಳಿಯಬೇಕೋ, ಇರುವವಳು ಉಳಿಯಬೇಕೋ. ಇಂಥ ಪ್ರಶ್ನೆಗೆ ಉತ್ತರ ಕಷ್ಟವಲ್ಲ, ಉತ್ತರವನ್ನು ಬಾಯಿಂದ ಆಡುವುದು ಕಷ್ಟ. ‘ತೆಗದುಬಿಡೋಣು’ ಎಂದೆ.

ನೆಟ್ಟಿನ ಕಂಪನಿಗೆ ಫೋನು ಮಾಡಿದರೆ ಅವರು ಹೇಳಿದ್ದು ಸುಲಭದ ದಾರಿ: ಪೆಟ್ಟಿಗೆಯ ಹಿಂದೊಂದು ಸಣ್ಣ ತೂತಿದೆ, ಅದರೊಳಗೆ ಪಿನ್ನು ಚುಚ್ಚಿ ಹಿಡಿದರೆ ಎಲ್ಲವೂ ಅಳಿಸಿ ಹೊಸದರಂತಾಗುತ್ತದೆ. ಗೌರಿ ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನಿಗೆ ಕೈಹಾಕಿದಳು. ನಾನು ಕೈ ಹಿಂದೆಳೆದುಕೊಂಡೆ.

‘ಎಲ್ಲಾ ಅಂದ್ರ ಎಲ್ಲಾ ಹೋಗ್ತೈತೇನು?’

‘ಹೂಂ, ಅಪ್ಪ ಮಾಡಿದ್ದೆಲ್ಲಾ.’

‘ಮೊದಲ ಬಾಗಿಲಾ ಬಡದು ನೋಡೋಣವ್ವ. ಆಮ್ಯಾಲೆ ಗೋಡಿ ಒಡಿಯೂದು’ ಎಂದೆ.

ಬಾಗಿಲೆಂದರೆ ರೌಟರಿನ ಒಳಪುಟ. ಒಂದು ವಿಳಾಸ ಬರೆದರೆ ಅದು ತೆರೆಯುತ್ತದೆ, ಗುಟ್ಟಿನ ಪದ ಕೊಟ್ಟರೆ ಒಳಗೆ ಬಿಡುತ್ತದೆ ಎಂದು ಗೌರಿ ತಿಳಿಸಿದಳು. ಆ ವಿಳಾಸ ಪೆಟ್ಟಿಗೆಯ ಹೊಟ್ಟೆಯ ಮೇಲಿನ ಚೀಟಿಯಲ್ಲಿ ಅಚ್ಚಾಗಿರುತ್ತದಂತೆ. ತಿರುಗಿಸಿ ನೋಡಿದರೆ ಚೀಟಿಯೇ ಕಾಣದು, ಅಲ್ಲಿದ್ದದ್ದು ಬೆರಳು ದಪ್ಪದ ಕುಂಕುಮ. ಪ್ರತಿವರ್ಷ ಆಯುಧಪೂಜೆಗೆ ನಮ್ಮವರ ಟೆಸ್ಟರು, ಇಕ್ಕಳ, ಡ್ರಿಲ್ಲು, ಸ್ಕೂಟರುಗಳ ಜೊತೆ ಈ ರೌಟರಿಗೂ ಪೂಜೆ. ಕುಂಕುಮ ಹಚ್ಚುವ ಅಧಿಕಾರ ಅತ್ತೆಯವರದು. ಮಿಣುಕುವ ದೀಪಗಳ ಕಡೆ ಹಚ್ಚಿದರೆ ಅದರ ಕಣ್ಣಿಗೆ ಬಿದ್ದೀತೆಂದು ಅವರು ಅದನ್ನು ಮಗುಚಿ, ಬೆಳ್ಳಗಿದ್ದ ಚೀಟಿಯೇ ಹಣೆಯೆಂದು ತಿಳಿದು, ಎಣ್ಣೆಯಲ್ಲಿ ಕಲೆಸಿದ ಕುಂಕುಮವನ್ನು ವರ್ಷದ ಮೇಲೆ ವರ್ಷ ಮೆತ್ತುತ್ತ ಬಂದಿದ್ದರು.

‘ಇರ್ಲಿ ಬಿಡು, ಬಹಳಷ್ಟು ರೌಟರಿಗೆ ಒಂದ ನಂಬರ್ ಇರ್ತೈತಿ’ ಎಂದಳು ಗೌರಿ. ನಾನೇ ಮೊದಲು ನನ್ನ ಫೋನಿನಲ್ಲಿ ಬರೆದೆ. ಹುಡುಕುವ ಜಾಗದಲ್ಲಿ ಬರೆದೆನಂತೆ. ರೌಟರು ಮಾರುವ ಅಂಗಡಿಗಳೆಲ್ಲ ಸಾಲಾಗಿ ನಿಂತು ನನ್ನನ್ನು ಕರೆದವು. ‘ಅಯ್ಯ, ನಾ ಮನಿಗೆ ಹೋಗ್ತೀನಂದ್ರ ಇದು ಬಜಾರಕ್ಕ ಕರಕೊಂಡು ಬಂತಲ್ಲ’ ಎಂದೆ. ಗೌರಿ ಬಹಳ ದಿನಗಳ ಮೇಲೆ ನಕ್ಕಳು. ತನ್ನ ಲ್ಯಾಪ್‌ಟಾಪು ತೆರೆದು ಮೇಲಿನ ಪಟ್ಟಿಯಲ್ಲಿ ಅದೇ ನಂಬರು ಬರೆದಳು. ಪುಟ ತೆರೆಯಿತು. ಕಾರ್ಖಾನೆಯವರೇ ಇಟ್ಟ ಪದವನ್ನು ಕೊಟ್ಟಳು. ಅದೂ ಒಪ್ಪಿತು, ಕೂತುಕೊಳ್ಳಿ ಎನ್ನುವಷ್ಟು ಸಲೀಸಾಗಿ.

ಒಳಗೆಲ್ಲ ಹುಡುಕಿದಳು. ಹೊತ್ತು ಗೊತ್ತು ಮಾಡುವ ಜಾಗಕ್ಕೆ ಹೋದಳು. ಅದು ಖಾಲಿ.

‘ಅವ್ವ, ಇಲ್ಲಿ ಏನೂ ಇಲ್ಲ. ಅಪ್ಪ ಏನೂ ಹಾಕೇ ಇಲ್ಲ. ಕಂಪನಿ ಕಡಿಂದನ ಕಟ್ ಆಗಾಕತ್ತಿರಬೇಕು.’

ಗೆಳೆಯರೇ, ಆ ಖಾಲಿ ಜಾಗವನ್ನು ನೋಡಿದಾಗ ನನಗೆ ಏನಾಯಿತೆಂದು ಹೇಗೆ ಹೇಳಲಿ. ಇಷ್ಟು ತಿಂಗಳು ರಾತ್ರಿ ರಾತ್ರಿ ನಮ್ಮನ್ನು ಮಲಗಿಸಿದ್ದು ಅವರಲ್ಲ, ಯಾವುದೋ ಕಂಪನಿಯ ತಂತಿಯ ದೋಷ. ಅತ್ತೆ ‘ಬಂದ ನೋಡು’ ಎಂದದ್ದು ಯಾರನ್ನು, ನಾನು ದೀಪ ಆರಿಸಿದ್ದು ಯಾರಿಗಾಗಿ. ಸಾವು ಒಂದೇ ಸಲಕ್ಕೆ ಮುಗಿಯುವ ಸಂಗತಿಯೆಂದು ತಿಳಿದಿದ್ದೆ. ಅದು ಹೀಗೆ ಮಧ್ಯಾಹ್ನದ ಹೊತ್ತಿನಲ್ಲಿ ಹಿಂತಿರುಗಿ ಬಂದು, ಬಿಟ್ಟುಹೋದ ಒಂದು ಚೂರನ್ನೂ ಕೇಳಿ ಪಡೆಯುತ್ತದೆಂದು ಗೊತ್ತಿರಲಿಲ್ಲ. ಗೌರಿ, ಒಮ್ಮೆ ಆರಿಸಿ ಹಚ್ಚಿ ನೋಡೋಣವೆಂದು ಪುಟದಲ್ಲಿ ಏನೋ ಒತ್ತಿದಳು. ನಮ್ಮ ಪೆಟ್ಟಿಗೆಯ ದೀಪಗಳು ಕದಲಲಿಲ್ಲ.

ಬಾಗಿಲ ಗಂಟೆ ಸದ್ದಾಯಿತು. ರಮಣಮ್ಮ ನಿಂತಿದ್ದರು.

‘ಶಾಂತಗಾರೂ, ಮಾ ನೆಟ್ ಪೋಯಿಂದಂಡಿ. ಸೀರಿಯಲ್ ಮಧ್ಯಲೋ ಪೋಯಿಂದಿ. ಮೀದಿ ಉಂದಾ?’

ಅವರ ನೆಟ್ ಹೋಗಿದೆ, ಅದೂ ಧಾರಾವಾಹಿಯ ನಡುವೆ. ನಿಮ್ಮದಿದೆಯೇ ಎಂದು ವಿಚಾರಿಸಲು ಬಂದಿದ್ದರು. ಗೌರಿ ನಾಲಿಗೆ ಕಚ್ಚಿಕೊಂಡಳು. ಎರಡು ವಾರದಿಂದ ಅವರ ವೈಫೈಗೆ ಅಂಟಿಕೊಂಡಿದ್ದ ಲ್ಯಾಪ್‌ಟಾಪು ಇವತ್ತೂ ಅಲ್ಲೇ ಅಂಟಿತ್ತು. ಇಷ್ಟು ಹೊತ್ತು ನಾವು ಹೊಕ್ಕು ಜಾಲಾಡಿದ್ದು ನಮ್ಮ ಮನೆಯನ್ನಲ್ಲ, ರಮಣಮ್ಮನವರ ಮನೆಯನ್ನು. ಈ ಎರಡು ಮನೆಗಳ ನಡುವೆ ಕರಿಬೇವು, ಇಡ್ಲಿ ಹಿಟ್ಟು, ಗ್ಯಾಸಿನ ಸಿಲಿಂಡರು ಎಲ್ಲವೂ ಹೇಳದೆ ಕೇಳದೆ ಓಡಾಡುವುದರಿಂದ, ಯಾವುದು ಯಾರದೆಂಬುದು ನಮಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಗೌರಿ ತೆಲುಗಿನಲ್ಲಿ ತಪ್ಪೊಪ್ಪಿಕೊಂಡಳು. ರಮಣಮ್ಮ ಸೆರಗು ಬಾಯಿಗಿಟ್ಟು ನಕ್ಕು, ‘ಪೋನೀಲೆ, ದೊಂಗಲು ಮನವಾಳ್ಳೇ ಕದಾ’ ಎಂದು, ಕಳ್ಳರು ನಮ್ಮವರೇ ತಾನೇ ಎಂಬ ಸಮಾಧಾನದಲ್ಲಿ ಧಾರಾವಾಹಿಗೆ ಮರಳಿದರು.

ನಾನು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಆ ಖಾಲಿ ಜಾಗ ನಮ್ಮದಾಗಿರಲಿಲ್ಲ.

ನಮ್ಮ ವೈಫೈಗೆ ಸೇರಿಕೊಂಡು ಅದೇ ನಂಬರು ಬರೆದರೆ ಈಗ ಪುಟ ತೆರೆಯಲೇ ಇಲ್ಲ. ಚೀಟಿಯನ್ನು ಓದದೆ ಗತಿಯಿರಲಿಲ್ಲ. ಹಸಿಬಟ್ಟೆ ತಂದು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಾಗ, ಮಂಚದ ಮೇಲಿಂದ ಅತ್ತೆ ಕೇಳಿದರು.

‘ಏನ್ ಒರಸಾಕತ್ತೀ ಶಾಂತಾ?’

‘ಕುಂಕುಮರೀ ಅತ್ತಿ. ಇದರಡಿ ನಂಬರ್ ಐತಿ.’

ಅವರು ಮಂಚದ ಮೇಲೆ ಎದ್ದು ಕೂತರು. ನನ್ನ ಬಟ್ಟೆ ಅಲ್ಲೇ ನಿಂತಿತು. ನಮ್ಮವರು ಹೋದ ದಿನ ಊರಿನಿಂದ ಬಂದ ಹೆಂಗಸರು ನನ್ನ ಹಣೆಯ ಕಡೆ ಕೈ ಚಾಚಿದಾಗ, ಇದೇ ಅತ್ತೆ ಮಗನ ಕಾಲ ಬಳಿಯಿಂದ ಎದ್ದು ಬಂದು, ‘ಹೋದಾಂವ ನನ್ನ ಮಗ. ಅಕಿ ಹಣಿಗೆ ಯಾರೂ ಕೈ ಹಚ್ಚಬ್ಯಾಡ್ರಿ’ ಎಂದು ಅಡ್ಡ ನಿಂತಿದ್ದರು. ಆಮೇಲೆ ಯಾರೂ ಆ ಮಾತೆತ್ತಿಲ್ಲ.

‘ಕೊಡಿಲ್ಲೆ,’ ಎಂದು ಈಗ ಕೈ ನೀಡಿದರು. ‘ಹಚ್ಚಿದಾಕಿ ನಾನು. ನಾನ ತಗೀತೀನಿ.’

ಕೊಬ್ಬರಿಎಣ್ಣೆಯಲ್ಲಿ ಅದ್ದಿದ ಸೆರಗಿನ ತುದಿಯಿಂದ, ಎಳೆಮಗುವಿನ ಮುಖ ಒರೆಸುವಷ್ಟು ನಿಧಾನವಾಗಿ, ಪದರು ಪದರಾಗಿ ತೆಗೆದರು. ಕೆಂಪೆಲ್ಲ ಅವರ ಬಿಳಿಯ ಸೆರಗಿಗೆ ಬಂತು. ಚೀಟಿಯ ಅಂಕಿಗಳು ಮೆಲ್ಲಗೆ ಮೇಲೆದ್ದವು. ರಮಣಮ್ಮನವರ ನಂಬರಿಗೂ ನಮ್ಮದಕ್ಕೂ ಒಂದೇ ಒಂದು ಅಂಕಿಯ ವ್ಯತ್ಯಾಸ.

ಆ ನಂಬರಿನ ಬಗ್ಗೆ ಗೌರಿ ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಅದು ಹೊರಗಿನ ವಿಳಾಸವಲ್ಲವಂತೆ. ಊರಿನ ಸಾವಿರಾರು ಮನೆಗಳಲ್ಲಿ ಇದೇ ನಂಬರು ಇರುತ್ತದಂತೆ; ಯಾವ ಮನೆಯಲ್ಲಿ ಕೂತು ಬರೆದರೆ ಆ ಮನೆಯ ಪೆಟ್ಟಿಗೆಯೇ ಓಗೊಡುತ್ತದಂತೆ. ಅವ್ವಾ ಎಂದು ಯಾರು ಕೂಗಿದರೂ ಅವರವರ ಅವ್ವನೇ ಒಳಗಿನಿಂದ ಬರುವ ಹಾಗೆ. ಜಗತ್ತಿನ ಜೊತೆ ನೆಂಟು ಕಡಿದು, ಕೇಬಲ್ಲು ಕಿತ್ತು ಹೊರಗೆಸೆದರೂ ಆ ಬಾಗಿಲು ಮಾತ್ರ ತೆರೆಯುತ್ತದಂತೆ, ಏಕೆಂದರೆ ಅಲ್ಲಿಗೆ ಹೋಗಲು ಮನೆಯಿಂದ ಹೊರಬೀಳಬೇಕಿಲ್ಲ. ಕೆಲವು ಮಾತುಗಳೂ ಹಾಗೆಯೇ ಅಲ್ಲವೇ. ಪೇಟೆಯೆಲ್ಲ ತಿರುಗಿದರೂ ಸಿಗುವುದಿಲ್ಲ. ಮನೆಯೊಳಗೇ ಕೂತು ಕೇಳಬೇಕು, ಕೇಳುವವರು ಮನೆಯವರೇ ಆಗಿರಬೇಕು.

ಪುಟ ತೆರೆಯಿತು, ಪದ ಕೇಳಿತು. ಕಾರ್ಖಾನೆಯ ಪದವನ್ನು ನಮ್ಮವರು ಎಂದೋ ಬದಲಿಸಿದ್ದರು. ಗೌರಿಯ ಹುಟ್ಟಿದ ದಿನ ಬರೆದೆವು, ಊರಿನ ಹೆಸರು ಬರೆದೆವು, ಅತ್ತೆಯವರ ಹೆಸರು ಬರೆದೆವು. ಕೊನೆಗೆ ಮಗಳೆದುರು ನಾಚುತ್ತಲೇ ನನ್ನ ಹೆಸರು ಬರೆಸಿದೆ. ಅದೂ ಅಲ್ಲ. ಬಹಳ ಸಲ ತಪ್ಪಿದ್ದೀರಿ, ಸ್ವಲ್ಪ ತಾಳಿ ಎಂದು ಪುಟವೇ ಬಾಗಿಲು ಹಾಕಿಕೊಂಡಿತು.

ತಾಳಿರಿ ಎಂದರೆ ನಾನು ಕೈಕಟ್ಟಿ ಕೂರುವವಳಲ್ಲ. ಮಧ್ಯಾಹ್ನದ ಪಾತ್ರೆ ತೊಳೆಯಲು ಹೋದೆ. ತಾಟುಗಳ ನಡುವೆ ಅವರ ತಾಟೂ ಇತ್ತು. ಈಗ ಅದರಲ್ಲಿ ಯಾರೂ ಉಣ್ಣುವುದಿಲ್ಲ. ಮೇಲೆ ಧೂಳು ಕೂತೀತೆಂದು ಉಳಿದವುಗಳ ಜೊತೆ ಅದನ್ನೂ ತೊಳೆದಿಡುತ್ತೇನೆ. ಬೂದಿ ಹಚ್ಚಿ ತಿಕ್ಕುವಾಗ ತಳದ ಚುಕ್ಕಿ ಚುಕ್ಕಿ ಅಕ್ಷರಗಳು ಬೆರಳಿಗೆ ತಾಕಿದವು. ಈ ಊರಿಗೆ ಬಂದ ಹೊಸತರಲ್ಲಿ ಸುಲ್ತಾನ್ ಬಜಾರಿನಲ್ಲಿ ಕೊಂಡದ್ದು ಅದು. ಹೆಸರು ಹಾಕಿಸುವುದು ನಮ್ಮ ಕಡೆಯ ಪದ್ಧತಿ, ಲಗ್ನ ಮುಂಜಿಗಳಲ್ಲಿ ಪಾತ್ರೆ ಅದಲು ಬದಲಾಗದಿರಲೆಂದು. ಅಂಗಡಿಯವನಿಗೆ ಕನ್ನಡ ಬಾರದು. ಆದ್ದರಿಂದ ಇಂಗ್ಲಿಷಿನಲ್ಲಿ ನಮ್ಮಿಬ್ಬರ ಹೆಸರಿನ ಮೊದಲಕ್ಷರ ಹಾಕಿಸಿ, ಮುಂದೆ ಆಗಿನ ಬಾಡಿಗೆ ಮನೆಯ ನಂಬರನ್ನೂ ಕೆತ್ತಿಸಿದ್ದರು. ನಂಬರು ಯಾಕ್ರೀ ಎಂದು ಕೇಳಿದ್ದಕ್ಕೆ, ‘ಕಳದ್ರ ಯಾರರ ಮನೀಗೆ ತಂದು ಕೊಡ್ಲಿ’ ಎಂದಿದ್ದರು. ಇಷ್ಟು ದೊಡ್ಡ ಹೈದರಾಬಾದಿನಲ್ಲಿ ಒಂದು ತಾಟು ಹಿಡಿದು ನಮ್ಮ ಮನೆ ಹುಡುಕಿಕೊಂಡು ಬರುವ ಪುಣ್ಯಾತ್ಮ ಯಾರಪ್ಪಾ ಎಂದು ಆಗ ಅಂಗಡಿಯಲ್ಲೇ ನಕ್ಕಿದ್ದೆ. ಉಂಡ ತಾಟನ್ನು ತಾವೇ ತೊಳೆದಿಡುವುದು ಅವರ ಅಭ್ಯಾಸ. ಎಂದರೆ ಅಷ್ಟು ವರ್ಷ, ಹೊತ್ತು ಹೊತ್ತಿಗೂ, ಆ ತಳವನ್ನು ನೋಡಿದವರು ಅವರೊಬ್ಬರೇ.

ಒದ್ದೆ ಕೈಯಲ್ಲೇ ತಾಟು ತಂದು ಗೌರಿಯ ಮುಂದೆ ಮಗುಚಿ ಹಿಡಿದೆ. ಅವಳು ಒಂದೊಂದೇ ಅಕ್ಷರ ಒತ್ತಿದಳು. ಬಾಗಿಲು ತೆರೆಯಿತು.

ಅಪ್ಪಣೆ ಅಲ್ಲಿತ್ತು. ಪ್ರತಿಯೊಂದು ನಿಯಮಕ್ಕೂ ಒಂದು ಹೆಸರು ಕೊಡಬೇಕಂತೆ. ಅವರು ಇಂಗ್ಲಿಷ್ ಅಕ್ಷರಗಳಲ್ಲಿ ‘ಮಲಕೋರಿ’ ಎಂದು ಬರೆದಿದ್ದರು. ಗದರಿಕೆಯಲ್ಲ, ರೀ ಹಚ್ಚಿ, ಮರ್ಯಾದೆಯಿಂದ. ಗೌರಿ ಗಟ್ಟಿಯಾಗಿ ಓದಿದಳು. ಅತ್ತೆ ಮಂಚದಿಂದಲೇ ‘ಹೂಂ’ ಎಂದರು, ಮಗನ ಮಾತಿಗೆ ಓಗೊಟ್ಟಂತೆ.

ಅದರ ಕೆಳಗೆ ಇನ್ನೊಂದು ಚೌಕವಿತ್ತು. ಈ ನಿಯಮ ಯಾರಿಗೆ ಲಾಗೂ ಆಗುವುದಿಲ್ಲ ಎಂಬುದನ್ನು ಬರೆಯುವ ಜಾಗ ಅದು. ಅಲ್ಲಿ ಒಂದೇ ಒಂದು ಹೆಸರು: ‘ಸಣ್ಣವ್ವ ಲ್ಯಾಪ್‌ಟಾಪ್’. ಗೌರಿಯನ್ನು ಅವರೊಬ್ಬರೇ ಹಾಗೆ ಕರೆಯುತ್ತಿದ್ದದ್ದು.

ನಿಮಗೆ ಇದರ ಭಾರ ತಿಳಿಯಬೇಕಾದರೆ ಅವಳ ಕಾಲೇಜಿನ ಕಡೆಯ ವರ್ಷದ ಒಂದು ಜಗಳವನ್ನು ಹೇಳಬೇಕು. ಪ್ರಾಜೆಕ್ಟು ಕಳಿಸುವ ರಾತ್ರಿ, ಅದು ಅರ್ಧ ಹೋಗಿರುವಾಗಲೇ ಹತ್ತಾಯಿತು, ನೆಟ್ ನಿಂತಿತು. ‘ಇದು ಮನಿಯಲ್ಲ, ಜೈಲು’ ಎಂದು ಅಪ್ಪನ ಮುಖದ ಮೇಲೆ ಅಂದಳು. ಮರುದಿನದಿಂದ ಅವಳದು ಒಂದು ಹಟ: ಹತ್ತಾಗುವ ಮೊದಲೇ, ಅಪ್ಪ ಮನೆಯಲ್ಲಿರುವ ರಾತ್ರಿ ಅವರಿಗೆ ಕೇಳುವಂತೆ, ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿ ಒಳಗೆ ಹೋಗುವಳು. ಹೋಗುವಾಗ ಅವರು, ‘ಯಾಕ ಸಣ್ಣವ್ವ, ಕೆಲಸ ಮುಗೀತೇನು?’ ಎಂದು ಕೇಳುವರು. ‘ಮುಗೀತು’ ಎನ್ನುವಳು. ಅವರು ಗಾಯಕ್ಕೆ ಉಪ್ಪು ಸವರುತ್ತಿದ್ದಾರೆಂದು ಅವಳ ಎಣಿಕೆ, ನನ್ನದೂ ಅದೇ. ಆ ಪ್ರಶ್ನೆ ಅವರು ಹೋಗುವವರೆಗೂ ನಡೆಯಿತು, ಆ ಉತ್ತರವೂ.

ಆ ಜಗಳದ ಮೇಲೆ, ಇಷ್ಟು ಕಾಲ ಆ ಬಾಗಿಲು ಅವಳಿಗಾಗಿ ತೆರೆದೇ ಇತ್ತು. ತೆರೆದದ್ದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಬಾರದು. ಅವಳಾಗಿಯೇ ಒಂದು ರಾತ್ರಿ ನೋಡಿಯಾಳೆಂದು ಕಾದಿದ್ದರು. ಫೋನಿನಲ್ಲಿ ನೆಟ್ ಹೋಗುವುದನ್ನು ಕಂಡು ಎಲ್ಲವೂ ಹೋಯಿತೆಂದು ಅವಳು ಲ್ಯಾಪ್‌ಟಾಪು ತೆರೆದು ನೋಡಲೇ ಇಲ್ಲ. ನೌಕರಿ ಸಿಕ್ಕಾಗ ಕಂಪನಿಯವರು ಹೊಸದು ಕೊಟ್ಟರು, ಹಳೆಯದನ್ನು ಅವಳ ಮಾವನ ಮಗ ರಾಯಚೂರಿಗೆ ಒಯ್ದ.

ಗೌರಿ ಪರದೆಯ ಮೇಲಿನ ಆ ಹೆಸರಿನ ಮೇಲೆ ಬೆರಳಿಟ್ಟಳು. ‘ಒಂದ ಮಾತು ಹೇಳಬಾರದಾಗಿತ್ತಾ ಅಪ್ಪ’ ಎಂದಳು.

‘ಹೇಳೂ ಪೈಕಿ ಅಲ್ಲವ್ವಾ ಅಂವ,’ ಎಂದರು ಅತ್ತೆ. ‘ಸಣ್ಣಾಂವಿದ್ದಾಗ ಹಸಿವಾದ್ರ ಊಟಾ ಕೇಳತಿದ್ದಿಲ್ಲ. ಒಲಿ ಮುಂದ ಬಂದು ಕುಂಡರ್ತಿದ್ದ.’

ಗೌರಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಹೋದ ದಿನ ಊರಿಗೆಲ್ಲ ಫೋನು ಮಾಡುವ, ಬಂದವರಿಗೆ ಚಹಾ ಕೊಡುವ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಂಡು ಅಳದೆ ಉಳಿದಿದ್ದ ಹುಡುಗಿ. ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ, ಕೈ ಇನ್ನೂ ಒದ್ದೆಯಾಗಿತ್ತು.

ಆಮೇಲೆ ಕಣ್ಣೊರೆಸಿಕೊಂಡು ಪುಟಕ್ಕೆ ತಿರುಗಿದಳು. ನಿಯಮದ ಪಕ್ಕದಲ್ಲೇ ಅದನ್ನು ಅಳಿಸುವ ಗುರುತಿತ್ತು. ಅವಳು ಅತ್ತ ಹೋಗಲಿಲ್ಲ. ಕೆಳಗಿನ ಚೌಕದಲ್ಲಿ ಹಳೆಯ ಹೆಸರನ್ನು ಹಾಗೇ ಬಿಟ್ಟು, ಅದರಡಿಗೆ ತನ್ನ ಹೊಸ ಲ್ಯಾಪ್‌ಟಾಪನ್ನು ಸೇರಿಸಿದಳು. ಉಳಿದವರಿಗೆಲ್ಲ ರಾತ್ರಿ ರಾತ್ರಿಯಾಗಿಯೇ ಇರುತ್ತದೆ. ಸೂಟ್‌ಕೇಸನ್ನು ಅಟ್ಟಕ್ಕೆ ಏರಿಸಲು ನಾನು ಸ್ಟೂಲು ಹಿಡಿದುಕೊಂಡೆ. ನಾಳೆಯಿಂದ ಅವಳು ಇಲ್ಲಿಂದಲೇ ಕೆಲಸ ಮಾಡುತ್ತಾಳೆ. ಮನೆಯಲ್ಲಿ ಮತ್ತೊಂದು ಜೀವ ಬೇರೆಯವರ ಹಗಲನ್ನು ಕಾಯುತ್ತದೆ. ಅವರಿಗೆ ಇದು ಸರಿಬರುತ್ತಿತ್ತೋ ಇಲ್ಲವೋ ನಾನರಿಯೆ. ಆದರೆ ಈ ಮಗಳಿಗೆ ಅಂತ ಅವರು ಬಾಗಿಲು ತೆರೆದಿಟ್ಟದ್ದಂತೂ ನಿಜ.

ರಾತ್ರಿ ರೊಟ್ಟಿ ಬಡಿಯುವ ತ್ರಾಣ ಇರಲಿಲ್ಲ. ಉಳಿದ ಅನ್ನಕ್ಕೆ ಒಗ್ಗರಣೆ ಕೊಟ್ಟೆ, ಜೊತೆಗೆ ಶೇಂಗಾಹಿಂಡಿ, ಮೊಸರು. ಅತ್ತೆ ಎರಡು ತುತ್ತು ಹೆಚ್ಚೇ ಉಂಡರು. ಗೌರಿ ಮೊಸರನ್ನಕ್ಕೆ ಬೆರಳಾಡಿಸಿ ಎದ್ದಳು. ಹತ್ತಾದ ಮೇಲೂ ನೆಟ್ ಇರುತ್ತದೋ ಇಲ್ಲವೋ ನೋಡುತ್ತೇನೆಂದು ಲ್ಯಾಪ್‌ಟಾಪು ತೆರೆದಿಟ್ಟುಕೊಂಡು ಸೋಫಾದ ಮೇಲೆ ಒರಗಿದವಳು, ಹತ್ತಾಗುವ ಮೊದಲೇ ನಿದ್ದೆಹೋದಳು. ಇವತ್ತು ಮೊದಲು ಮಲಗಿದವಳು ಅವಳೇ. ಆಮೇಲೆ ಅತ್ತೆಯವರ ಭಜನೆ ಅರ್ಧ ಸಾಲಿಗೆ ನಿಂತಿತು, ಅವರು ಮಗ್ಗುಲಾದರು. ನನ್ನ ಫೋನಿನಲ್ಲೂ ನೆಟ್ ಹೋಯಿತು. ಗೌರಿಯ ಪಕ್ಕದಲ್ಲಿ ಲ್ಯಾಪ್‌ಟಾಪಿನ ಪರದೆ ಬೆಳಗುತ್ತಲೇ ಇತ್ತು, ಅದರ ನೆಟ್ ಹೋಗಿರಲಿಲ್ಲ. ಅವಳಿಗೊಂದು ಚಾದರ ಹೊದಿಸಿ, ಅದನ್ನು ಮುಚ್ಚದೆ ಹಾಗೇ ಬಿಟ್ಟು, ಎಲ್ಲರಿಗಿಂತ ಕೊನೆಗೆ ನಾನು ಮಲಗಿದೆ.